ಮಾರೆಪ್ಪಣ್ಣ ಹಿಡಿದ ಶ್ರಾವಣ

ಮಾನ್ವಿಯ ಬಸ್ ನಿಲ್ದಾಣ ಇನ್ನೂ ದೂರವಿರುವಾಗಲೇ ಅಕ್ಕಿ ಗಿರಣಿಗಳ ವಾಸನೆ ಬಸ್ಸಿನೊಳಗೆ ಬರುತ್ತದೆ. ಬೇಯಿಸಿದ ಭತ್ತದ ವಾಸನೆ. ಬಿಸಿ, ಹುಳಿ, ಜೊತೆಗೆ ಒದ್ದೆ ಗೋಣಿಯದು. ಕಳೆದ ಭಾನುವಾರ ದೇವದುರ್ಗದಿಂದ ಬರುವಾಗ ಪಕ್ಕದ ಸೀಟಿನ ಹೆಂಗಸು ಸೆರಗನ್ನು ಮೂಗಿಗೆ ಹಿಡಿದುಕೊಂಡಳು. ನಾನು ಕೈಚೀಲದೊಳಗೆ ಕೈ ಹಾಕಿ ಕೀಲಿಕೈಗಳ ಗೊಂಚಲನ್ನು ಹಿಡಿದುಕೊಂಡೆ. ಆ ಗೊಂಚಲಿನಲ್ಲಿ ಒಂದು ಕೀಲಿಕೈ ಯಾವ ಬಾಗಿಲನ್ನೂ ತೆರೆಯುವುದಿಲ್ಲ. ಅದರ ಕೀಲಿಯನ್ನು, ಅಂದರೆ ಬೀಗವನ್ನು, ನಾಲ್ಕು ವರ್ಷಗಳ ಹಿಂದೆ ಒಡೆದು ಹಾಕಿದರು.

ಆ ಶ್ರಾವಣದಲ್ಲಿ ಮಳೆ ಇತ್ತು ಎಂದು ಬರೆಯಲು ಹೊರಟಿದ್ದೆ. ತಗಡಿನ ಮೇಲೆ ಹನಿ ಬೀಳುವ ಸದ್ದು ಇನ್ನೂ ನನ್ನ ಕಿವಿಯಲ್ಲಿದೆ. ಆದರೆ ಅತ್ತಿಗೆ ನರಸಮ್ಮನ ಪ್ರಕಾರ ಆ ವಾರ ಒಂದು ಹನಿಯೂ ಬಿದ್ದಿರಲಿಲ್ಲ. ಕಾಲುವೆಗೆ ನೀರು ಬಿಟ್ಟಿದ್ದರು ಅಷ್ಟೇ. ತಗಡು ಕಾದು ಚಟಚಟ ಅನ್ನುತ್ತಿತ್ತು. ಹಾಗಾದರೆ ನಾನು ಕೇಳಿದ್ದು ಏನು? ನಡುಗುವ ಬೆರಳುಗಳು ಒಳಗಿನಿಂದ ಬಾಗಿಲಿಗೆ ತಾಗುತ್ತಿದ್ದ ಸದ್ದಿರಬಹುದು. ಅದನ್ನು ನಾನು ಯಾವಾಗಲೋ ಮಳೆ ಮಾಡಿಕೊಂಡಿದ್ದೇನೆ. ಆದ್ದರಿಂದ ನನ್ನನ್ನು ಪೂರ್ತಿ ನಂಬಬೇಡಿ. ಎಲ್ಲೆಲ್ಲಿ ನಂಬಬಾರದು ಎಂದು ನನಗೆ ತಿಳಿದಷ್ಟು ಹೇಳುತ್ತಾ ಹೋಗುತ್ತೇನೆ.

ಮಾರೆಪ್ಪ ನನ್ನ ಅಣ್ಣ. ನಮ್ಮ ಊರು ಮಲ್ಲಟ. ಅಪ್ಪ ಬೇಗ ಹೋದ. ಹದಿನಾರಕ್ಕೇ ಅಣ್ಣ ಮಾನ್ವಿಯ ಗಿರಣಿಯೊಂದರಲ್ಲಿ ಹಮಾಲಿಗೆ ಸೇರಿದ. ಅವನು ಚೀಲ ಹೊತ್ತ, ನಾನು ಓದಿದೆ. ನಾನು ಬಿ.ಎಡ್. ಮುಗಿಸಿ ದೇವದುರ್ಗದ ಸರಕಾರಿ ಪ್ರೌಢಶಾಲೆಯಲ್ಲಿ ಟೀಚರಾದ ದಿನ ಅವನು ಗಿರಣಿಯ ಗುಂಪಿಗೆಲ್ಲ ಪೇಡೆ ಹಂಚಿ, 'ನಮ್ಮ ತಂಗಿ ಇನ್ನ ಮ್ಯಾಲ ಬರೇ ಪೆನ್ನು ಎತ್ತತಾಳ' ಅಂದಿದ್ದನಂತೆ. ಅವನ ಬೆನ್ನ ಮೇಲೆ ಹತ್ತಿ ಬಂದವಳು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದಿನದು ಅರ್ಥವಾಗಲಿ ಎಂದು.

ಹಮಾಲರು ಬೆಳಿಗ್ಗೆ ಮೊದಲ ಲಾರಿಗಿಂತ ಮುಂಚೆ ಕುಡಿಯುತ್ತಾರೆ. ಮಜಾಕ್ಕಲ್ಲ. 'ಕೈ ನಿಲ್ಲಬೇಕು' ಅನ್ನುತ್ತಾರೆ. ಚೀಲಕ್ಕೆ ಚುಚ್ಚಿ ಎತ್ತುವ ಕಬ್ಬಿಣದ ಕೊಕ್ಕೆ ಇರುತ್ತದಲ್ಲ, ಕೈ ನಡುಗಿದರೆ ಅದು ಚೀಲಕ್ಕಲ್ಲ, ಪಕ್ಕದವನ ಹೆಗಲಿಗೆ ಹೋಗುತ್ತದೆ. ಮೊದಮೊದಲು ಮೈ ನೋವಿಗೆ ಸಂಜೆ ಕುಡಿಯುತ್ತಿದ್ದವನು ಆಮೇಲೆ ಕೈ ನಿಲ್ಲಲೆಂದು ಬೆಳಿಗ್ಗೆ ಕುಡಿದ, ಆಮೇಲೆ ಮಧ್ಯಾಹ್ನವೂ. ನಲವತ್ತಾಗುವ ಹೊತ್ತಿಗೆ ಎರಡು ತುತ್ತಿಗೆ ಊಟ ಸಾಕೆನ್ನುತ್ತಿದ್ದ. ಕಾಲು ಜೋಮು ಹಿಡಿಯುತ್ತಿದ್ದವು. ಗುಂಪಿನ ಮೇಸ್ತ್ರಿ ಖಾಜಾಸಾಬ ಅವನನ್ನು ಭಾರದ ಚೀಲಕ್ಕೆ ಕರೆಯುವುದನ್ನು ಬಿಟ್ಟ.

ಬಿಡಿಸಬೇಕು ಎಂದು ನಾನು ಅಲೆದದ್ದು ನಿಜ. ದೇವದುರ್ಗದ ಸಂತೆಯಲ್ಲಿ ಒಬ್ಬ ಪುಡಿ ಮಾರುತ್ತಿದ್ದ. 'ಗೊತ್ತಾಗದಂಗ ಸಾರಿನ್ಯಾಗ ಹಾಕ್ರಿ ಅಕ್ಕಾರ, ವಾರದಾಗ ವಾಸನೀಗೇ ವಾಂತಿ ಬರ್ತದ' ಅಂದ. ಪೊಟ್ಟಣದ ಮೇಲೆ ಏನೂ ಬರೆದಿರಲಿಲ್ಲ. ಕೊಂಡು ತಂದೆ, ಆದರೆ ಸಾರಿಗೆ ಹಾಕಲು ಧೈರ್ಯ ಬರಲಿಲ್ಲ. ಆಮೇಲೆ ರಾಯಚೂರಿನಲ್ಲಿ, ಊರ ಹೊರಗೆ, ಬಾಡಿಗೆ ಮನೆಯೊಂದರಲ್ಲಿ ನಡೆಯುತ್ತಿದ್ದ ಒಂದು ಖಾಸಗಿ ಕೇಂದ್ರಕ್ಕೆ ಹೋದೆ. ಕಿಟಕಿಗಳಿಗೆ ಹೊಸದಾಗಿ ಸರಳು ಬೆಸೆದಿದ್ದರು. ತಲೆ ಬೋಳಿಸಿದ ಏಳೆಂಟು ಗಂಡಸರು ಸಾಲಾಗಿ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದರು. ನಡೆಸುವವನು ಮೂರು ತಿಂಗಳ ಹಣ ಮೊದಲೇ ಕಟ್ಟಬೇಕೆಂದ. ಅದು ನನ್ನ ಕೈಗೆ ಎಟುಕುವುದಾಗಿರಲಿಲ್ಲ.

'ಡಾಕ್ಟರ್ ಯಾವಾಗ ಬರ್ತಾರ?' ಎಂದು ಕೇಳಿದೆ.

'ಕರದ್ರ ಬರ್ತಾರ್ರಿ.'

'ಮೊದಲ ನಾಕು ದಿನಾ ಭಾಳ ಒದ್ದಾಡ್ತಾರಂತಲ್ರೀ, ಅವಾಗ?'

'ಕೋಣ್ಯಾಗ ಹಾಕಿ ಕೀಲಿ ಹಾಕ್ತೀವ್ರಿ ಮೇಡಂ. ನಾಕ ದಿನಾ ಅಷ್ಟ. ಆಮ್ಯಾಲ ಹಸುವಿನಂಗ ಆಗ್ತಾರ.'

ಅಸಹ್ಯಪಟ್ಟು ಎದ್ದು ಬಂದೆ. ಇಲ್ಲಿ ನಾನು ಒಳ್ಳೆಯವಳಾಗಿ ಕಾಣುತ್ತೇನೆ. ಆದರೆ ಅದೇ ಊರಿನಲ್ಲಿ, ಅದೇ ರಸ್ತೆಯ ಇನ್ನೊಂದು ತುದಿಗೆ ದೊಡ್ಡ ಸರಕಾರಿ ಆಸ್ಪತ್ರೆ ಇತ್ತು. ಅಲ್ಲಿ ಈ ಕೆಲಸಕ್ಕೆಂದೇ ಡಾಕ್ಟರಿದ್ದರು, ಹಾಸಿಗೆಗಳಿದ್ದವು, ಚೀಟಿಯ ಬೆಲೆ ಒಂದು ಚಹಾದ ಬೆಲೆ. ಗೊತ್ತಿರಲಿಲ್ಲ ಎಂದು ಬಹಳ ದಿನ ಎಲ್ಲರಿಗೂ ಹೇಳಿದೆ. ಗೊತ್ತಿತ್ತು. ನಮ್ಮ ಶಾಲೆಯ ವಿಜ್ಞಾನದ ಮೇಷ್ಟ್ರು ಹೇಳಿದ್ದರು. ಆ ಚೀಟಿಯ ಮೇಲೆ 'ಮನೋರೋಗ ವಿಭಾಗ' ಎಂದು ಬರೆದಿರುತ್ತದೆ ಎಂದೂ ಹೇಳಿದ್ದರು. ಆ ಎರಡು ಪದಗಳನ್ನು ಹಿಡಿದುಕೊಂಡು, ನಮ್ಮ ತಾಲ್ಲೂಕಿನ ಜನ ತುಂಬಿರುವ ಸಾಲಿನಲ್ಲಿ, ನನ್ನ ಅಣ್ಣನ ಪಕ್ಕ ನಾನು ನಿಲ್ಲಲಾರದೆ ಹೋದೆ. ಟೀಚರಮ್ಮನ ಅಣ್ಣ ಕುಡುಕ ಎನ್ನುವುದು ಎಲ್ಲರಿಗೂ ಗೊತ್ತಿದ್ದ ವಿಷಯ. ಹುಚ್ಚ ಎಂದು ಇನ್ನೂ ಯಾರೂ ಅಂದಿರಲಿಲ್ಲ.

ಅಷ್ಟರಲ್ಲಿ ನಾಗರ ಅಮಾವಾಸ್ಯೆ ಬಂತು. ನಮ್ಮ ಕಡೆ ಎಂಥ ಕುಡುಕನೂ ಶ್ರಾವಣ ಹಿಡಿಯುತ್ತಾನೆ. ಅಮಾವಾಸ್ಯೆಗೆ ಕೊನೆಯ ಬಾಟಲಿ, ಮರುದಿನದಿಂದ ಒಂದು ತಿಂಗಳು ಹೆಂಡವಿಲ್ಲ, ಖಂಡವಿಲ್ಲ. ವಾರಕ್ಕೊಮ್ಮೆ ಕುಡಿಯುವವರಿಗೆ ಅದು ಸಲೀಸು. ಹಿಡಿದು ಗೆದ್ದವರ ಕಥೆ ಮಾತ್ರ ಕೇರಿಯಲ್ಲಿ ಓಡಾಡುತ್ತದೆ. ನಾನು ಶ್ರಾವಣವನ್ನು ನಂಬುವವಳಲ್ಲ. ನನ್ನ ಬಾಡಿಗೆ ಕೋಣೆಯ ಗೋಡೆಗೆ ಬುದ್ಧನ ಚಿತ್ರವೊಂದೇ ಇದೆ. ಆದರೆ ಅಣ್ಣ ನಂಬುತ್ತಿದ್ದ. ನಾನು ನಂಬದ್ದನ್ನು ಅವನ ಮೇಲೆ ಬಳಸಿದೆ. ಅಮಾವಾಸ್ಯೆಯ ಭಾನುವಾರ ಮಧ್ಯಾಹ್ನ, ಮಾನ್ವಿಯ ಅವನ ಮನೆಯಲ್ಲಿ ಹೋಳಿಗೆ ಊಟವಾದ ಮೇಲೆ ಅವನ ಮಗಳು ಪದ್ಮಾಳನ್ನು ಎದುರಿಗೆ ಕೂರಿಸಿದೆ. ಅವಳಿಗೆ ಆಗ ಹತ್ತು ವರ್ಷ.

'ಯಣ್ಣಾ, ಅಕೀ ತಲಿ ಮ್ಯಾಲ ಕೈ ಇಟ್ಟು ಆಣಿ ಮಾಡು. ಒಂದ ಹನಿ ಮುಟ್ಟಂಗಿಲ್ಲಂತ.'

'ಏ ತಂಗೀ, ಮಗಳ ತಲಿ ಬ್ಯಾಡ. ಗೋಡಿ ಮುಟ್ಟಿ ಆಣಿ ಮಾಡ್ತೀನಿ. ನನ್ನ ತಲಿ ಮುಟ್ಕೋತೀನಿ.'

'ನಿನ್ನ ತಲೀಗಿ ಏನ್ ಕಿಮ್ಮತ್ತು ಉಳದದಣ್ಣ?'

ಇಂಥ ಮಾತನ್ನು ನಾನು ಆಡಿದ್ದೆ. ಇದನ್ನು ನರಸಮ್ಮನೂ ನೆನಪಿಟ್ಟಿದ್ದಾಳೆ, ಆದ್ದರಿಂದ ಇದು ನಿಜ. ಅವನು ಹುಡುಗಿಯ ತಲೆಯ ಮೇಲೆ ಕೈ ಇಟ್ಟ. ಕೈ ನಡುಗಿ ಅವಳ ಜಡೆಯ ರಿಬ್ಬನ್ನು ಅಲುಗುತ್ತಿತ್ತು.

ಸೋಮವಾರ ರಜೆ ಹಾಕಿ ಉಳಿದೆ. ಅವನನ್ನು ಒಳಗಿನ ಕೋಣೆಗೆ ಹಾಕಿ ಕೀಲಿ ಹಾಕಿದೆ. ಕಿಟಕಿಯಿಲ್ಲದ ಕೋಣೆ, ಮೇಲೆ ತಗಡು. ಒಂದು ಚಾಪೆ, ಒಂದು ಬಕೆಟ್ಟು. ಅವನೇ ಹಾಕು ಅಂದ ಎಂದು ಎರಡು ವರ್ಷ ಜನರಿಗೆ ಹೇಳಿಕೊಂಡು ತಿರುಗಿದೆ. ಅವನು ಅಂದದ್ದು, 'ಬಾಕ್ಲಾ ತಗದಿಡು, ಉಸರು ಕಟ್ಟಾಕತ್ತದ.' ರಾಯಚೂರಿನ ಕೇಂದ್ರದವನು ಹಣ ತೆಗೆದುಕೊಂಡು ಮಾಡುತ್ತಿದ್ದುದನ್ನು ನಾನು ನಮ್ಮ ಮನೆಯಲ್ಲೇ ಪುಕ್ಕಟೆ ಮಾಡಿದೆ.

ಆ ದಿನ ಅವನು ಬೆವರಿದ, ವಾಂತಿ ಮಾಡಿಕೊಂಡ, ಗಂಜಿ ಕೊಟ್ಟರೆ ಲೋಟ ಹಲ್ಲಿಗೆ ಬಡಿದುಕೊಂಡು ಗಂಜಿ ಎದೆಯ ಮೇಲೆ ಚೆಲ್ಲಿತು. ನಾಟಕ ಮಾಡಾಕತ್ತಾನ ಅಂದೆ. ಸಂಜೆಗೆ ಖಾಜಾಸಾಬ ಬಂದ. ಲುಂಗಿಯ ಮಡಿಕೆಯಿಂದ ತೊಂಬತ್ತು ಎಂ.ಎಲ್. ಮದ್ಯದ ಒಂದು ರಟ್ಟಿನ ಪೊಟ್ಟಣ ತೆಗೆದು ಕಟ್ಟೆಯ ಮೇಲಿಟ್ಟ.

'ಟೀಚರಮ್ಮಾ, ಬೈಬ್ಯಾಡ್ರಿ. ಜರಾ ಒಂದ್ ಗುಟುಕು ಕೊಡ್ರಿ, ಇಲ್ಲಂದ್ರ ದವಾಖಾನಿಗಿ ಒಯ್ಯೂಣು ನಡೀರಿ. ನಮ್ಮ ಮಾಮು ಹಿಂಗೇ ಒಮ್ಮಿಗೇ ಬಿಟ್ಟಿದ್ದ. ಮೂರನೇ ದಿನಾ ಫಿಟ್ಸ್ ಬಂದ್ವು. ಹೋದ.'

'ನೀವೇ ಕುಡಿಸಿ ಕೆಡಿಸಿದವರು, ಈಗ ನೀವೇ ಬುದ್ಧಿ ಹೇಳಾಕ ಬಂದೀರೇನು?'

'ಖರೆ ಅದವ್ವಾ. ಕೆಡಿಸಿದವರಿಗೇ ಗೊತ್ತಿರ್ತದ, ಎಷ್ಟು ಕೆಟ್ಟದ ಅಂತ.'

ನಾನು ಪೊಟ್ಟಣವನ್ನು ಎತ್ತಿ ಮೋರಿಗೆ ಎಸೆದೆ. ಖಾಜಾಸಾಬ ಮೋರಿಯನ್ನು ನೋಡಿದ, ನನ್ನನ್ನು ನೋಡಿದ, ಚಪ್ಪಲಿ ಮೆಟ್ಟಿಕೊಂಡು ಹೋದ. ಅವನು ಹೇಳಿದ ಎರಡು ಮಾತಿನಲ್ಲಿ ಎರಡನೆಯದು, ದವಾಖಾನೆಯದು, ನನ್ನ ಕಿವಿಗೆ ಬೀಳಲೇ ಇಲ್ಲ. ಅಥವಾ ಬಿತ್ತು, ಅದು ನನಗೆ ಬೇಡವಾಗಿತ್ತು.

ಮಂಗಳವಾರ ಬೆಳಗಿನ ಬಸ್ಸಿಗೆ ನಾನು ದೇವದುರ್ಗಕ್ಕೆ ಹೊರಟೆ. ಹತ್ತನೆಯ ತರಗತಿಗೆ ಕಿರುಪರೀಕ್ಷೆ ಇತ್ತು. ನಮ್ಮ ಕೇರಿಯ ನಲ್ಲಿ ನೀರು ಉಪ್ಪು ಎಂದು ಅಂಗಡಿಯಿಂದ ಎರಡು ನೀರಿನ ಬಾಟಲಿ ತಂದು ಕೋಣೆಯೊಳಗೆ ಇಟ್ಟೆ, ಬಾಳೆಹಣ್ಣು ಇಟ್ಟೆ, ಕೀಲಿ ಹಾಕಿದೆ. ನರಸಮ್ಮ ಕೈ ಚಾಚಿದಳು.

'ಕೀಲಿಕೈ ಕೊಟ್ಟು ಹೋಗು.'

'ನಿನ್ನ ಕೈಯಾಗ ಕೊಟ್ರ ನೀ ಕರಗಿ ಹೋಗ್ತಿ ಅತ್ತಿಗೀ. ಸಂಜೀಕ ಬರ್ತೀನಿ. ಅಲ್ಲೀತನಾ ಏನೂ ಆಗಂಗಿಲ್ಲ.'

'ಆದ್ರ?'

'ಆಗಂಗಿಲ್ಲ ಅಂದ್ನಲ್ಲ.'

ಕೀಲಿಕೈಯನ್ನು ನನ್ನ ಗೊಂಚಲಿಗೆ ಪೋಣಿಸಿಕೊಂಡೆ. ಮರೆತು ಒಯ್ದೆ ಎಂದು ಓಣಿಯವರ ಮುಂದೆ ಹೇಳಿದ್ದೆ.

ಮುಂದಿನ ನಾಲ್ಕೈದು ತಾಸು ನಾನು ಅಲ್ಲಿರಲಿಲ್ಲ. ಇದನ್ನು ನರಸಮ್ಮ ಮತ್ತು ಖಾಜಾಸಾಬರ ಮಾತಿನಿಂದ ಜೋಡಿಸಿದ್ದೇನೆ. ಒಳಗೆ ಧಡ್ ಎಂದು ಏನೋ ಬಿತ್ತು. ಅಣ್ಣ ಸಿಟ್ಟಿಗೆ ಬಾಗಿಲು ಒದೆಯುತ್ತಿದ್ದಾನೆ ಎಂದು ನರಸಮ್ಮ ಅಂದುಕೊಂಡಳು. ಓಣಿಯ ಹೆಂಗಸರು, 'ತಗೀಬ್ಯಾಡ ಬೇ, ಮೂರು ದಿನಾ ತಡಕೊಂಡ್ರ ತಾನೇ ಬಿಡ್ತದ' ಅಂದರು. ತೆಗೆಯಲು ಅವಳ ಬಳಿ ಏನಿತ್ತು? ನನಗೆ ಫೋನು ಮಾಡಿದಳು. ಪರೀಕ್ಷೆಯಿದ್ದುದರಿಂದ ನನ್ನ ಫೋನು ಸದ್ದಿಲ್ಲದೆ ಚೀಲದಲ್ಲಿತ್ತು. ಅವಳು ಮಾಡುತ್ತಲೇ ಇದ್ದಳು. ಗಿರಣಿಯ ಚಹಾದ ವೇಳೆಯಲ್ಲಿ ಖಾಜಾಸಾಬ ವಿಚಾರಿಸಿಕೊಂಡು ಹೋಗೋಣವೆಂದು ಬಂದ. ಬಾಗಿಲಿಗೆ ಕಿವಿಯಿಟ್ಟ. ಗೊರಕೆಯಂಥ ಸದ್ದು, ಆದರೆ ಗೊರಕೆಯಲ್ಲ. ಸೊಂಟದಲ್ಲಿದ್ದ ಚೀಲದ ಕೊಕ್ಕೆಯನ್ನು ಕೀಲಿಯ ಕಿವಿಗೆ ಸಿಕ್ಕಿಸಿ ತಿರುವಿ ಒಡೆದ.

ಅಣ್ಣ ಮೂಲೆಯಲ್ಲಿ ಸೆಟೆದುಕೊಂಡು ಬಿದ್ದಿದ್ದ. ಬಾಯಲ್ಲಿ ರಕ್ತನೊರೆ. ಅವನನ್ನು ಹೊತ್ತು ಓಣಿಯ ತುದಿಯ ದವಾಖಾನೆಗೆ ಒಯ್ದರು. ಅಲ್ಲಿನವನು ನಿಶ್ಶಕ್ತಿ ಎಂದು ಹೇಳಿ ಗ್ಲೂಕೋಸು ಹಚ್ಚಿದ. 'ದೊಡ್ಡ ದವಾಖಾನಿಗಿ ಒಯ್ಯೂಣು' ಎಂದು ಖಾಜಾಸಾಬ ಅಂದರೆ ಓಣಿಯವರು, 'ಟೀಚರಮ್ಮ ಬರ್ಲಿ, ಅಕೀ ಓದಿದಾಕಿ, ಅಕಿನ್ನ ಕೇಳದಂಗ ಹೆಂಗ ಒಯ್ತೀ' ಅಂದರಂತೆ. ಓದಿದವಳಿಗಾಗಿ ಎಲ್ಲರೂ ಕಾದರು. ನಾನು ಫೋನು ನೋಡಿ ಬಸ್ಸು ಹಿಡಿದು ಬಂದು ಇಳಿದಾಗ ಗ್ಲೂಕೋಸಿನ ಮೊದಲ ಬಾಟಲಿ ಮುಗಿದು ಎರಡನೆಯದು ಹತ್ತಿತ್ತು. ಬಸ್ಸಿನ ಆ ಪ್ರಯಾಣ ನನಗೆ ನೆನಪಿಲ್ಲ. ನೆನಪಿದೆ ಎಂದು ಬರೆದರೆ ಅದು ಸುಳ್ಳು. ವಾಸನೆ ಮಾತ್ರ ನೆನಪಿದೆ, ಬೇಯಿಸಿದ ಭತ್ತದ್ದು.

ತಾಲ್ಲೂಕು ಆಸ್ಪತ್ರೆಯಲ್ಲಿ ಫಿಟ್ಸಿಗೆ ಇಂಜೆಕ್ಷನ್ ಕೊಟ್ಟು ಆಂಬುಲೆನ್ಸಿನಲ್ಲಿ ರಾಯಚೂರಿಗೆ ಕಳಿಸಿದರು. ದೊಡ್ಡ ಆಸ್ಪತ್ರೆಯಲ್ಲಿ ನಾನು ಅಷ್ಟು ದಿನ ಹೆದರಿದ್ದ ಚೀಟಿ ಐದು ನಿಮಿಷದಲ್ಲಿ ಕೈಗೆ ಬಂತು. ಯಾರೂ ಅದನ್ನು ಓದಲಿಲ್ಲ. ಸಾಲಿನಲ್ಲಿ ಎಲ್ಲರ ಕೈಯಲ್ಲೂ ಅವರವರದೇ ಚೀಟಿ ಇತ್ತು.

ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಕಣ್ಣ ಕೆಳಗೆ ಕಪ್ಪು. ಟಾರ್ಚಿನಿಂದ ಅಣ್ಣನ ಕಣ್ಣು ನೋಡುತ್ತಲೇ ಕೇಳಿದರು.

'ಕಡೀಕ ಯಾವಾಗ ಕುಡದಿದ್ರು?'

'ಭಾನುವಾರ ಮುಂಜಾನಿ.'

'ಯಾರು ಬಿಡಿಸಿದ್ರು?'

ನರಸಮ್ಮ ನನ್ನ ಕಡೆ ನೋಡದೆ, 'ಶ್ರಾವಣ ಹಿಡದಾರ್ರಿ' ಅಂದಳು. ಅದಕ್ಕಾಗಿ ನಾನು ಅವಳಿಗೆ ಇಂದಿಗೂ ಋಣಿ.

ಡಾಕ್ಟರು ನಿಟ್ಟುಸಿರು ಬಿಟ್ಟರು. 'ಪ್ರತಿ ಶ್ರಾವಣ ಹಿಂಗ ಬರ್ತಾರ ನೋಡ್ರಿ. ದಿನಾ ಕುಡದ ಮೈ ಇದು. ಒಮ್ಮೆಲೇ ನಿಲ್ಲಿಸಿದ್ರ ಜೀವಕ್ಕ ಅಪಾಯ. ಮನ್ಯಾಗ ಇಟ್ಕೊಂಡು ಮಾಡೂ ಕೆಲಸ ಅಲ್ಲ. ಇಲ್ಲಿ ಗುಳಿಗಿ ಕೊಟ್ಟು, ದಿನಾ ಕಡಿಮಿ ಮಾಡ್ಕೋತ ಬರ್ತೀವಿ. ವಾರದ ಮಾತು. ಬಿಡೂಕಿಂತ ಮೊದಲ ಬಂದಿದ್ರ ಇಷ್ಟು ಆಗತಿದ್ದಿಲ್ಲ.'

'ಒಂದು ಗುಟುಕು ಕೊಟ್ಟಿದ್ರ?' ಎಂದು ಕೇಳಿದೆ. ಮೋರಿಗೆ ಎಸೆದ ಪೊಟ್ಟಣ ಕಣ್ಣ ಮುಂದಿತ್ತು.

'ಅದು ಔಷಧ ಅಲ್ರಿ. ಕರಕೊಂಡು ಬರೂದು ಔಷಧ.' ಆಮೇಲೆ ಮುಂಗೈಯ ಪಟ್ಟಿಯನ್ನು ನೋಡಿ, 'ಗ್ಲೂಕೋಸ್ ಯಾರು ಹಚ್ಚಿದ್ರು? ಉಣ್ಣದ ಮೈಗೆ ಅದಕ್ಕೂ ಮೊದಲ ಒಂದು ವಿಟಮಿನ್ ಇಂಜೆಕ್ಷನ್ ಹೋಗಬೇಕಿತ್ತು' ಅಂದರು. ಕೂಡಲೇ ಅದನ್ನು ಕೊಡಿಸಿದರು.

ಮರುದಿನ ಅಣ್ಣನಿಗೆ ಎಚ್ಚರವಿತ್ತು, ಆದರೆ ಅವನು ಆಸ್ಪತ್ರೆಯಲ್ಲಿರಲಿಲ್ಲ. ಗಿರಣಿಯಲ್ಲಿದ್ದ. ಚಾದರದ ಮೇಲೆ ಇರುವೆಗಳನ್ನು ಹೆಕ್ಕುತ್ತಿದ್ದ. ಮಂಚದ ಸರಳಿಗೆ ಬೆನ್ನು ಕೊಟ್ಟು, 'ಹುಷಾರ್! ಚೀಲದ ಥಪ್ಪಿ ಜಾರಾಕತ್ತದ, ಸರೀರಿ ಲೇ!' ಎಂದು ಕೂಗುತ್ತಿದ್ದ. ಪಕ್ಕದ ಮಂಚದ ಮುದುಕ ಗಾಬರಿಯಾಗಿ ನಿಜವಾಗಿಯೇ ಸರಿದು ಕೂತ. ಎಲ್ಲಕ್ಕಿಂತ ಕೆಟ್ಟದ್ದು, ಅವನು ಗುಳಿಗೆ ನುಂಗಲಿಲ್ಲ. ಹಲ್ಲು ಕಚ್ಚಿ ಹಿಡಿದ. ಯಾರೋ ರೋಗಿಯ ಕಡೆಯವರು, 'ಇವೂ ಒಂಥರಾ ನಶಾದ ಗುಳಿಗಿ' ಎಂದು ಆಡಿದ್ದು ಅವನ ಕಿವಿಗೆ ಬಿದ್ದಿತ್ತು. ಬುದ್ಧಿ ಎಲ್ಲೆಲ್ಲೋ ಹೋಗಿದ್ದರೂ ಆಣೆ ಮಾತ್ರ ನೆಟ್ಟಗೆ ನಿಂತಿತ್ತು.

'ನಶಾ ಬ್ಯಾಡ. ನನ್ನ ಮಗಳು ಸಾಯ್ತಾಳ' ಎಂದ, ಹಲ್ಲಿನ ಸಂದಿಯಿಂದ.

ಇಂಜೆಕ್ಷನ್ ಕೊಟ್ಟರು. ಅದೂ ಕೈಯಲ್ಲಿನ ಸೂಜಿ ಕಿತ್ತುಕೊಳ್ಳುವವರೆಗೆ. ಕೈಕಾಲು ಕಟ್ಟಬೇಕಾದೀತು ಎಂದು ಡಾಕ್ಟರು ಅಂದಾಗ ಹಿರಿಯ ನರ್ಸ್ ಒಬ್ಬರು ನನ್ನನ್ನು ಪಕ್ಕಕ್ಕೆ ಕರೆದರು. ಯರಗೇರಾ ಕಡೆಯವರು, ನಿವೃತ್ತಿಗೆ ಹತ್ತಿರದವರು.

'ಯಾರ ತಲಿ ಮುಟ್ಟ್ಯಾನ?'

'ಮಗಳದು.'

'ನಿಮ್ಮ ಕಡಿ ಆಣಿ ಇಳಿಸೂದು ಹೆಂಗ?'

ಉಪ್ಪುನೀರು. ನಮ್ಮ ಕೇರಿಯಲ್ಲಿ ಯಾರ ತಲೆ ಮುಟ್ಟಿ ಆಣೆ ಮಾಡಿದ್ದೋ ಅವರೇ ಆ ಕೈಯನ್ನು ಉಪ್ಪುನೀರಿನಲ್ಲಿ ತೊಳೆದರೆ ಆಣೆ ಇಳಿಯುತ್ತದೆ. ನಾನು ಅದನ್ನು ಮರೆತೇಬಿಟ್ಟಿದ್ದೆ. ಖಾಜಾಸಾಬ ಪದ್ಮಾಳನ್ನು ಮಾನ್ವಿಯಿಂದ ಕರೆತಂದ. ವಾರ್ಡಿನಲ್ಲಿ ಉಪ್ಪು ಎಲ್ಲಿಂದ ತರುವುದು ಎಂದು ನರಸಮ್ಮ ಸುತ್ತಮುತ್ತ ನೋಡುವಷ್ಟರಲ್ಲಿ ಆ ನರ್ಸ್ ಅರ್ಧ ಉಳಿದಿದ್ದ ಸಲೈನ್ ಬಾಟಲಿಯೊಂದನ್ನು ಕತ್ತರಿಸಿ ತಂದರು.

'ಹಿಡಿ ಯವ್ವಾ. ಇದು ಉಪ್ಪುನೀರೇ. ಇದಕ್ಕಿಂತ ಶುದ್ಧ ಉಪ್ಪುನೀರು ನಿಮ್ಮ ಊರಾಗ ಸಿಗಂಗಿಲ್ಲ.'

ಹುಡುಗಿ ಅಪ್ಪನ ಕೈಯನ್ನು ಒಂದೊಂದೇ ಬೆರಳು ಬಿಡಿಸಿ ತೊಳೆದಳು. ಅವನು ಇರುವೆ ಹೆಕ್ಕುವುದನ್ನು ನಿಲ್ಲಿಸಿ ನೋಡುತ್ತಿದ್ದ. ತೊಳೆದಾದ ಮೇಲೆ ತನ್ನ ಲಂಗಕ್ಕೆ ಅವನ ಕೈ ಒರೆಸಿ, 'ಇಳೀತಪಾ. ಬಾಯಿ ತಗಿ' ಅಂದಳು.

ಬಾಯಿ ತೆರೆದ.

ಇಲ್ಲಿಗೆ ನಿಲ್ಲಿಸಿದರೆ ಇದು ಒಳ್ಳೆಯ ಕಥೆ. ಹೇಳುವಾಗಲೆಲ್ಲ ಇಲ್ಲಿಗೇ ನಿಲ್ಲಿಸಿದ್ದೇನೆ; ಕೇಳಿದವರು ಕಣ್ಣೊರೆಸಿಕೊಂಡಿದ್ದಾರೆ. ಆದರೆ ಅದರ ಮುಂದೆಯೂ ದಿನಗಳಿದ್ದವು. ನಡುಕ ನಿಂತಿತು, ಇರುವೆಗಳು ಹೋದವು, ಗುಳಿಗೆ ಕಡಿಮೆಯಾಗುತ್ತಾ ಬಂದವು. ಅಣ್ಣ ಎದ್ದು ಕೂತ. ಬೆಳಿಗ್ಗೆ ಡಾಕ್ಟರು, 'ರಾತ್ರಿ ಏನು ಉಂಡ್ರಿ?' ಎಂದು ಕೇಳಿದರೆ, 'ಮಲ್ಲಟದಾಗ ಮದಿವಿ ಇತ್ರಿ, ಬೂಂದಿ ಉಂಡೆ' ಎಂದ, ನಿಧಾನವಾಗಿ, ಮರ್ಯಾದೆಯಿಂದ. ಅವನು ಸುಳ್ಳು ಹೇಳುತ್ತಿರಲಿಲ್ಲ. ನೆನಪಿನಲ್ಲಿ ತೂತು ಬಿದ್ದಿತ್ತು, ತೂತಿಗೆ ಕೈಗೆ ಸಿಕ್ಕಿದ್ದನ್ನು ತುರುಕುತ್ತಿದ್ದ. ಹಳೆಯದು ಇತ್ತು, ಹೊಸದು ನಿಲ್ಲುತ್ತಿರಲಿಲ್ಲ. ನಡೆಯುವಾಗ ಕಾಲು ಅಗಲವಾಗಿ ಇಡುತ್ತಿದ್ದ.

'ಯಾವುದರಿಂದ ಹಿಂಗಾತು? ತಡಾ ಮಾಡಿದ್ದಕ್ಕೋ, ಗ್ಲೂಕೋಸಿಗೋ?' ಎಂದು ಡಾಕ್ಟರನ್ನು ಕೇಳಿದೆ.

'ಇಷ್ಟು ವರ್ಷದ ಕುಡಿತ, ಉಪವಾಸ, ಎಲ್ಲಾ ಕೂಡೇದ. ಯಾವುದರಿಂದ ಅಂತ ಹೇಳಾಕ ಬರಂಗಿಲ್ಲ. ಸ್ವಲ್ಪ ಸುಧಾರಿಸಬಹುದು. ಪೂರಾ ಅಂತ ನಾ ಹೇಳಂಗಿಲ್ಲ.'

ಹೇಳಲು ಬರುವುದಿಲ್ಲ. ಆ ಮಾತನ್ನು ನಾನು ಎಷ್ಟು ಗಟ್ಟಿಯಾಗಿ ಹಿಡಿದುಕೊಂಡೆನೆಂದರೆ, ಅದು ನನ್ನನ್ನು ಬಿಡುಗಡೆ ಮಾಡಿದ ತೀರ್ಪು ಎಂಬಂತೆ ಊರಿಗೆ ತಂದೆ.

ನಾಲ್ಕು ವರ್ಷವಾಯಿತು. ಅಣ್ಣ ಕುಡಿಯುವುದಿಲ್ಲ. ಮಾತ್ರೆ, ತಪಾಸಣೆಗೆ ನರಸಮ್ಮ ಅವನನ್ನು ರಾಯಚೂರಿಗೆ ಕರೆದೊಯ್ಯುತ್ತಾಳೆ. ಕೆಲವು ಸಲ ನಾನು. ಆ ಚೀಟಿ ಈಗ ನನ್ನ ಪರ್ಸಿನಲ್ಲೇ ಇರುತ್ತದೆ. ಚೀಲ ಹೊರುವುದು ಮುಗಿಯಿತು, ಆದರೆ ಹೊಲಿಯುವುದನ್ನು ಕೈ ಮರೆತಿಲ್ಲ. ಖಾಜಾಸಾಬ ಹರಿದ ಚೀಲಗಳನ್ನು ಮನೆಗೆ ಕಳಿಸುತ್ತಾನೆ. ಅಣ್ಣ ಹೊರಬಾಗಿಲ ಬಳಿ ಕೂತು ದಬ್ಬಣದಿಂದ ಹೊಲಿಯುತ್ತಾನೆ. ಹೊಲಿಗೆ ನೆಟ್ಟಗೆ ಬರುತ್ತದೆ. ಹೊಲಿಯುತ್ತಾ ಆ ಶ್ರಾವಣದ ಕಥೆಯನ್ನು ಹೇಳುತ್ತಾನೆ. ಅದು ಒಂದೇ ಒಂದು ಕಥೆ, ಅವನಲ್ಲಿ ಬದಲಾಗದೆ ನಿಂತಿದೆ: ಗಾಳಿಗೆ ಬಾಗಿಲು ಹಾಕಿಕೊಂಡಿತು, ಅವನು ಒಳಗೆ ಸಿಕ್ಕಿಬಿದ್ದ, ತಂಗಿ ದೇವದುರ್ಗದಿಂದ ಓಡಿ ಬಂದು ಬಾಗಿಲು ತೆರೆದು ನೀರು ಕುಡಿಸಿದಳು.

ಅವನಿಗೆ ನಿಜವನ್ನು ನಾನು ಹಿಂದೆ ಮೂರು ಸಲ ಹೇಳಿದ್ದೇನೆ. ಒಂದು ಸಲ ನಕ್ಕ. ಒಂದು ಸಲ ದಬ್ಬಣ ಎಸೆದು, 'ನಡೀ ಹೊರಗ' ಅಂದ. ಒಂದು ಸಲ ನನ್ನ ತಲೆ ಸವರಿದ. ಮೂರು ಸಲವೂ ಚಹಾ ತಣ್ಣಗಾಗುವಷ್ಟರಲ್ಲಿ ಮರೆತ. ಅವನು ಕ್ಷಮಿಸಿದರೂ ಅದು ನನ್ನ ಬಳಿ ಉಳಿಯುವುದಿಲ್ಲ, ಬೈದರೂ ಉಳಿಯುವುದಿಲ್ಲ. ಕಳೆದ ಭಾನುವಾರ ನಾಲ್ಕನೆಯ ಸಲ ಹೇಳಿದೆ. ನರಸಮ್ಮ ಅಲ್ಲೇ ಕೂತು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು.

'ಯಣ್ಣಾ, ಬಾಕ್ಲಾ ಗಾಳಿಗಿ ಹಾಕ್ಕೊಂಡಿದ್ದಿಲ್ಲ. ನಾ ಕೀಲಿ ಹಾಕಿದ್ದೆ. ಕೀಲಿಕೈ ಬೇಕಂತೇ ಒಯ್ದಿದ್ದೆ.'

ದಬ್ಬಣ ನಿಂತಿತು. 'ನೀನಾ?'

'ನಾನೇ.'

ಅಣ್ಣ ನಗಲಿಲ್ಲ, ಸಿಟ್ಟಾಗಲಿಲ್ಲ. ಹಿಂದೆಂದೂ ಕೇಳದ್ದನ್ನು ಕೇಳಿದ.

'ಒಳಗ ನೀರಿತ್ತೇನು?'

'ಇತ್ತಣ್ಣ' ಅಂದೆ ಥಟ್ಟನೆ. ಅಷ್ಟಾದರೂ ಹೇಳಲು ಇತ್ತಲ್ಲ ಎಂದು ಉಸಿರು ಹಗುರವಾಯಿತು. 'ಎರಡು ಬಾಟ್ಲಿ ಇಟ್ಟು ಹೋಗಿದ್ದೆ. ಅಂಗಡೀವು, ಒಳ್ಳೇ ನೀರು.'

'ಇದ್ವು' ಅಂದಳು ನರಸಮ್ಮ, ಮೊರದಿಂದ ತಲೆಯೆತ್ತದೆ. 'ತುಂಬಿದಂಗೇ ಇದ್ವು.'

ನಾನು ಅವಳ ಕಡೆ ತಿರುಗಿದೆ.

'ಹೊಸಾ ಬಾಟ್ಲಿ. ಮುಚ್ಚಳದ ಸೀಲ್ ಒಡದಿದ್ದಿಲ್ಲ. ಅವನ ಕೈ ಹೆಂಗ ನಡಗತಿದ್ವು ನೋಡಿದ್ದಿಯಲ್ಲ, ತಿರುವಾಕ ಬಂದಿಲ್ಲ. ಎರಡೂ ಮುಚ್ಚಳದ ಮ್ಯಾಲ ಹಲ್ಲು ಮೂಡಿದ್ವು.' ಒಂದು ಕಲ್ಲು ಆರಿಸಿ ಅಂಗಳಕ್ಕೆ ಎಸೆದಳು. 'ತೊಳದು ಒಂದ್ರಾಗ ಎಣ್ಣಿ ಹಾಕಿಟ್ಟೀನಿ. ಅಲ್ಲೇ ಗೂಡಿನ್ಯಾಗ ಅದ.'

'ಇಷ್ಟು ವರ್ಷ ಯಾಕ ಹೇಳಲಿಲ್ಲ ಅತ್ತಿಗೀ?'

'ನೀ ಕೇಳಿದ್ದಿಲ್ಲ.'

ಎದ್ದು ಗೂಡಿನವರೆಗೆ ಹೋಗಬೇಕಿತ್ತು. ಹೋಗಲಿಲ್ಲ. ನೀಲಿ ಮುಚ್ಚಳ ಕೂತಲ್ಲಿಂದಲೇ ಕಾಣುತ್ತಿತ್ತು.

ಅಷ್ಟರಲ್ಲಿ ಹೊಲಿದ ಚೀಲಗಳನ್ನು ಒಯ್ಯಲು ಖಾಜಾಸಾಬ ಬಂದ. ನನ್ನನ್ನು ನೋಡಿ ಕೈಯೆತ್ತಿದ. ಅಣ್ಣನ ಮುಖ ಅರಳಿತು.

'ಬಾರಪಾ ಖಾಜಾ, ಕುಂದ್ರು. ಇಕಿ ನೋಡು, ನಮ್ಮ ತಂಗಿ. ಅವತ್ತ ಬಾಕ್ಲಾ ಗಾಳಿಗಿ ಹಾಕ್ಕೊಂಡಿತ್ತಲ್ಲ, ಇಕೀನೇ ನೋಡು ಓಡಿ ಬಂದು ತಗದಾಕಿ. ಬಾಯಿಗೆ ನೀರು ಹಾಕಿದ್ಳು. ಇಲ್ಲಂದ್ರ ಸತ್ತು ಹೋಗತಿದ್ದೆ.'

ಕೊಕ್ಕೆಯಿಂದ ಆ ಕೀಲಿ ಒಡೆದವನು ಖಾಜಾಸಾಬ. ಆ ಕೊಕ್ಕೆ ಅವನ ಸೊಂಟದಲ್ಲೇ ಇತ್ತು. ಅವನು ನನ್ನನ್ನು ನೋಡಲಿಲ್ಲ. ಚೀಲಗಳನ್ನು ಹೆಗಲಿಗೇರಿಸಿಕೊಳ್ಳುತ್ತಾ, 'ಹೌದಪಾ ಮಾರೆಪ್ಪ, ಅಕೀನೇ ತಗದ್ಳು' ಅಂದು ಹೋದ.

ನನ್ನ ಬಸ್ಸಿನ ಹೊತ್ತಾಗಿತ್ತು. ಚೀಲ ಎತ್ತಿಕೊಂಡು ಎದ್ದೆ. ಅಣ್ಣನೂ ಎದ್ದ, ಕಾಲು ಅಗಲವಾಗಿ ಊರಿ, ಗೋಡೆ ಹಿಡಿದು. ಹೊಲಿಯುವಾಗ ಚೀಲಕ್ಕೆ ಭಾರವಿಡುವ ಕಲ್ಲೊಂದಿದೆ. ಅದನ್ನು ಕಾಲಿನಿಂದ ಬಾಗಿಲ ಕಡೆ ತಳ್ಳತೊಡಗಿದ.

'ಏನ್ ಮಾಡಾಕತ್ತೀಯಣ್ಣ?'

'ಬಾಕ್ಲಕ್ಕ ಕಲ್ಲು ಇಡ್ತೀನಿ. ಗಾಳಿ ಬಲು ಕೆಟ್ಟದು ತಂಗೀ. ನೀ ಒಳಗ ಇದ್ದಾಗ ಹಾಕ್ಕೊಂಡೀತು.'

ಹೊರಗೆ ಒಂದು ಎಲೆಯೂ ಅಲುಗುತ್ತಿರಲಿಲ್ಲ. ಕಲ್ಲು ಅವನೊಬ್ಬನಿಂದ ಜರುಗುತ್ತಿರಲಿಲ್ಲ. ಚೀಲ ಕೆಳಗಿಟ್ಟು ನಾನೂ ಬಗ್ಗಿ ಕೈ ಕೊಟ್ಟೆ.